.22 ರೈಫಲ್‌ನ ತೋಟಾ ಪರೀಕ್ಷೆಗೆ ಯಾವ ರೆಸ್ಟ್ ಕೊಳ್ಳಬೇಕು?

ಹತ್ತರ_ಬೆನ್ನಟ್ಟಿ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕ್ಲಬ್ಬೊಂದರಲ್ಲಿ .22 ರೈಫಲ್‌ನಿಂದ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಅಭ್ಯಾಸ ಮಾಡುತ್ತಿದ್ದೇನೆ. ಮುಂದಿನ ಸೀಸನ್‌ಗೆ ತೋಟಾ ಕೊಳ್ಳುವ ಮುನ್ನ ಈಲಿ, ಆರ್‌ಡಬ್ಲ್ಯೂಎಸ್, ಎಸ್‌ಕೆ, ಈ ಮೂರರಲ್ಲಿ ನನ್ನ ನಳಿಗೆಗೆ ಯಾವುದು ಹೊಂದುತ್ತದೆ ಎಂದು ನೋಡಬೇಕಾಗಿದೆ. ಎಡಗೈಗೆ ಸ್ಲಿಂಗ್ ಪಟ್ಟಿ ಬಿಗಿದು ಮಲಗಿ ಹೊಡೆದರೆ ಒಂದು ವಾರ ಗೆದ್ದ ತೋಟಾ ಮುಂದಿನ ವಾರ ಸೋಲುತ್ತದೆ. ದೋಷ ತೋಟಾದ್ದೋ ನನ್ನ ಕೈಯದೋ ಎಂಬುದು ತಿಳಿಯುತ್ತಿಲ್ಲ. ಆದ್ದರಿಂದ ಬೆಂಚಿನ ಮೇಲೆ ರೆಸ್ಟ್, ಅಂದರೆ ರೈಫಲ್ಲಿಗೆ ಆಸರೆ, ಇಟ್ಟು ಪರೀಕ್ಷಿಸಬೇಕೆಂದಿದ್ದೇನೆ.

ಮುಂದೊಂದು ಹಿಂದೊಂದು ಮರಳು ಚೀಲ ಇಡುವುದೇ? ತಿರುಪಿನಿಂದ ಏರಿಸಿ ಇಳಿಸುವ ಮೂರು ಕಾಲಿನ ರೆಸ್ಟ್ ಮತ್ತು ಹಿಂದೆ ಚೀಲವೇ? ಮುಂದು ಹಿಂದು ಎರಡೂ ಒಂದೇ ಚೌಕಟ್ಟಿನಲ್ಲಿರುವ ಸ್ಲೆಡ್ಡೇ? ಅಥವಾ ರೈಫಲ್ಲನ್ನೇ ಬಿಗಿದು ಹಿಡಿಯುವ ವೈಸ್ ಮಾಡಿಸುವುದೇ? ಹೊರದೇಶದ ರೆಸ್ಟ್‌ಗಳ ಬೆಲೆ ನೋಡಿದರೆ ಆ ಹಣಕ್ಕೆ ಎಷ್ಟು ತೋಟಾ ಬರುತ್ತದೆ ಎಂಬ ಲೆಕ್ಕವೇ ಮೊದಲು ತಲೆಗೆ ಬರುತ್ತದೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಮರಳುಚೀಲ:
ಮೊದಲು ಮೇಜು ಹೇಗಿದೆ ಎಂದು ಹೇಳಿ. ರೆಸ್ಟ್ ವಿಚಾರ ಆಮೇಲೆ ಮಾತನಾಡೋಣ.

ಹತ್ತರ_ಬೆನ್ನಟ್ಟಿ:
ಕ್ಲಬ್ಬಿನಲ್ಲಿರುವುದು ಪ್ಲೈವುಡ್ ಹಲಗೆಯ, ಮಡಚುವ ಕಾಲುಗಳ ಸಾಮಾನ್ಯ ಮೇಜು, ಸರ್. ಮೊಣಕೈ ಊರಿದರೆ ಸ್ವಲ್ಪ ಅಲುಗುತ್ತದೆ ಎಂಬುದು ನಿಜ.

ಮರಳುಚೀಲ:
ಹಾಗಾದರೆ ಲಕ್ಷ ರೂಪಾಯಿಯ ರೆಸ್ಟ್ ತಂದಿಟ್ಟರೂ ಪ್ರಯೋಜನವಿಲ್ಲ. ನೀವು ಉಸಿರಾಡಿದಾಗ ಮೊಣಕೈ ಮೇಜನ್ನು ಒತ್ತುತ್ತದೆ, ಮೇಜು ರೆಸ್ಟನ್ನು ವಾಲಿಸುತ್ತದೆ, ಸ್ಕೋಪಿನಲ್ಲಿ ಅಡ್ಡಗೆರೆ ತೇಲುತ್ತದೆ. ಕ್ಲಬ್ಬಿನವರನ್ನು ಕೇಳಿ ಒಂದು ಮೂಲೆಯಲ್ಲಿ ಸಿಮೆಂಟ್ ಇಟ್ಟಿಗೆಯ ಮೂರು ಕಂಬ ಕಟ್ಟಿಸಿ, ಮೇಲೆ ದಪ್ಪನೆಯ ಕಲ್ಲು ಚಪ್ಪಡಿ ಹಾಕಿಸಿ. ಅದು ಸಾಧ್ಯವಾಗದಿದ್ದರೆ ಚಾಪೆ ಹಾಸಿ ನೆಲದ ಮೇಲೆಯೇ ಮಲಗಿ ಚೀಲ ಇಡಿ. ನೆಲಕ್ಕಿಂತ ಗಟ್ಟಿಯಾದ ಮೇಜು ಯಾವುದೂ ಇಲ್ಲ, ಮೇಲಾಗಿ ನೀವು ಪ್ರೋನ್ ಶೂಟರ್, ಮಲಗುವುದು ನಿಮಗೆ ಹೊಸದಲ್ಲ.

ಇನ್ನು ರೆಸ್ಟ್. ನನ್ನ ಮತ ಎರಡು ಮರಳು ಚೀಲಗಳಿಗೆ. ಮುಂದಿನ ಚೀಲ ಗಟ್ಟಿಯಾಗಿ ತುಂಬಿರಬೇಕು, ಹಿಂದಿನದಕ್ಕೆ ಮೊಲದ ಕಿವಿಯಂತೆ ಎರಡು ಎತ್ತರದ ಅಂಚುಗಳಿದ್ದು ಬಟ್‌ನ (ಭುಜಕ್ಕೆ ಒತ್ತುವ ಹಿಂಬದಿಯ) ಕೆಳಭಾಗ ಅವುಗಳ ನಡುವೆ ಕೂರಬೇಕು. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದರೆ ಮುಂದಿನ ಚೀಲವಾಗುತ್ತದೆ, ಹಿಂದಿನದನ್ನು ಮಾತ್ರ ಚರ್ಮದಲ್ಲಿ ಹೊಲಿಸಿ. ಹೊಳೆ ಮರಳು ಸಿಕ್ಕರೆ ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು ಒಣಗಿಸಿ ತುಂಬಿ. ಎಂ-ಸ್ಯಾಂಡ್ ಆದರೆ ಅದರಲ್ಲಿನ ಪುಡಿಯನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಹೊಲಿಗೆಯ ಸಂದಿಯಿಂದ ಧೂಳು ಸೋರಿ ರೈಫಲ್ಲಿನ ಬೋಲ್ಟ್ ಒಳಗೆ ಸೇರುತ್ತದೆ. ಹಗುರವೆಂದು ಅಕ್ಕಿ ತುಂಬುವವರಿದ್ದಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ಹುಳು ಆಗಿರುತ್ತದೆ.

ಪೀಣ್ಯ_ಲೇತ್:
ಮರಳುಚೀಲ ಸರ್ ಹೇಳಿದ ಮೇಜಿನ ಮಾತಿಗೆ ನನ್ನ ಪೂರ್ಣ ಸಮ್ಮತಿ, ಮುಂದಿನ ಚೀಲದ ಮಾತಿಗೆ ಅಷ್ಟಿಲ್ಲ. ಲೆಕ್ಕ ಹಾಕಿ ನೋಡಿ. ಮುಂದಿನ ಆಸರೆಗೂ ಹಿಂದಿನ ಆಸರೆಗೂ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳೋಣ. ಟಾರ್ಗೆಟ್ ಇರುವುದು 50 ಮೀಟರ್ ದೂರದಲ್ಲಿ, ಅಂದರೆ ನೂರು ಪಟ್ಟು. ಮುಂದಿನ ಆಸರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಕುಸಿದರೆ ಗುಂಡು 10 ಮಿಲಿಮೀಟರ್ ಕೆಳಗೆ ಬೀಳುತ್ತದೆ. 50 ಮೀಟರ್ ಟಾರ್ಗೆಟ್ಟಿನ ಹತ್ತರ (ಹತ್ತು ಅಂಕದ) ವೃತ್ತದ ವ್ಯಾಸವೇ 10.4 ಮಿಲಿಮೀಟರ್. ಬಟ್ಟೆಯ ಚೀಲದೊಳಗೆ ಮರಳು ಅಷ್ಟು ಜರುಗುವುದು ಏನೇನೂ ಕಷ್ಟವಲ್ಲ.

ಆದ್ದರಿಂದ ಮುಂದೆ ಮೂರು ಕಾಲಿನ ಕಬ್ಬಿಣದ ರೆಸ್ಟ್ ಇರಲಿ. ಮೂರು ಕಾಲಾದರೆ ಎಂಥ ಮೇಜಿನ ಮೇಲೂ ಕುಂಟುವುದಿಲ್ಲ. ಲೇತ್ ಅಂಗಡಿಯಲ್ಲಿ ಮಾಡಿಸುವುದಾದರೆ ತಿರುಪಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಸರಿಯುವ ದೂರ, ಗಮನಿಸಿ. ಸಾಮಾನ್ಯ 16 ಮಿಲಿಮೀಟರ್ ಬೋಲ್ಟಿನ ಪಿಚ್ 2 ಮಿಲಿಮೀಟರ್, ಒಂದು ಪೂರ್ತಿ ಸುತ್ತಿಗೆ ಟಾರ್ಗೆಟ್ಟಿನ ಮೇಲೆ 200 ಮಿಲಿಮೀಟರ್ ಏರಿಳಿತವಾಗುತ್ತದೆ. 1.5 ಪಿಚ್‌ನ ಫೈನ್ ಥ್ರೆಡ್ ಹಾಕಿಸಿ, ಏರಿಸಿದ ಮೇಲೆ ತಿರುಪು ಅಲುಗದಂತೆ ಬಿಗಿಯಲು ಒಂದು ಲಾಕ್ ನಟ್ ಇರಲಿ. ಕಾರಿನ ಹಳೆಯ ಬ್ರೇಕ್ ಡಿಸ್ಕ್ ತಳಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ, ಭಾರವೂ ಇದೆ, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ.

ಲೆಕ್ಕದ_ಮೇಷ್ಟ್ರು:
ಪೀಣ್ಯದವರ ಗುಣಾಕಾರ ಸರಿ, ತೀರ್ಮಾನ ಅರ್ಧ ಮಾತ್ರ ಸರಿ. ಪ್ರತಿ ಗುಂಡಿಗೂ ಸ್ಕೋಪಿನಲ್ಲಿ ನೋಡಿ ಮತ್ತೆ ಗುರಿ ಹೊಂದಿಸುತ್ತೀರಲ್ಲವೇ? ಹಾಗಿದ್ದ ಮೇಲೆ ಹಿಂದಿನ ಗುಂಡಿಗೂ ಈ ಗುಂಡಿಗೂ ನಡುವೆ ಚೀಲ ಎಷ್ಟು ಕುಸಿದರೂ ನೀವು ಅದನ್ನು ತಿದ್ದಿಕೊಂಡಿರುತ್ತೀರಿ. ಲೆಕ್ಕಕ್ಕೆ ಬರುವುದು ಗುರಿ ಹೊಂದಿಸಿದ ಕ್ಷಣದಿಂದ ಗುಂಡು ನಳಿಗೆ ಬಿಡುವವರೆಗೆ ನಡೆಯುವ ಅಲುಗಾಟ ಮಾತ್ರ. ಮತ್ತೆ ಗುರಿ ನೋಡದೆ ಬಿಗಿದಿಟ್ಟು ಹೊಡೆಯುವ ವೈಸಿಗೆ ಮಾತ್ರ ಆ ನೂರು ಪಟ್ಟಿನ ಲೆಕ್ಕ ಪೂರ್ತಿಯಾಗಿ ಅನ್ವಯಿಸುತ್ತದೆ. ಹಾಗಾಗಿಯೇ ವೈಸಿನ ತಳವನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ.

ಪೀಣ್ಯ_ಲೇತ್:
ಒಪ್ಪಿದೆ ಮೇಷ್ಟ್ರೇ. ಆದರೆ ಟ್ರಿಗರ್ ಎಳೆಯುವಾಗ ಕೆನ್ನೆಯ ಭಾರ ಸ್ಟಾಕಿನ (ರೈಫಲ್ಲಿನ ಹಿಡಿ ಭಾಗದ) ಮೇಲೆ ಬೀಳುತ್ತದೆ, ಮೆತ್ತಗಿನ ಚೀಲ ಆಗಲೂ ಕುಸಿಯುತ್ತದೆ ಎಂಬುದನ್ನು ನೀವೂ ಒಪ್ಪಬೇಕು.

ಪ್ರೋನ್_ಪ್ರೇಮಿ:
ಇಡೀ ಚರ್ಚೆಗೇ ನನ್ನದೊಂದು ಆಕ್ಷೇಪವಿದೆ. ಪಂದ್ಯದಲ್ಲಿ ರೈಫಲ್ ಇರುವುದು ಮನುಷ್ಯನ ಭುಜ ಮತ್ತು ಎಡಗೈಯಲ್ಲಿ. ಸ್ಲಿಂಗ್ ಬಿಗಿದಾಗ ಸ್ಟಾಕ್ ಬಾಗುತ್ತದೆ, ನಳಿಗೆ ಕಂಪಿಸುವ ರೀತಿಯೂ ಬದಲಾಗುತ್ತದೆ. ಕಬ್ಬಿಣದ ರೆಸ್ಟಿನ ಮೇಲೆ ಗೆದ್ದ ತೋಟಾ ನನ್ನ ಭುಜದಲ್ಲೂ ಗೆಲ್ಲುತ್ತದೆ ಎಂಬುದಕ್ಕೆ ಏನು ಖಾತರಿ? ನಾನಂತೂ ಸ್ಲಿಂಗಿನಲ್ಲೇ ಪರೀಕ್ಷಿಸುತ್ತೇನೆ.

ಜರ್ಮನಿ_ಕನ್ನಡಿಗ:
ಪ್ರೋನ್_ಪ್ರೇಮಿ ಮೇಡಂ, ನಿಮ್ಮ ಸಂಶಯ ನ್ಯಾಯವಾದದ್ದೇ, ಇಲ್ಲಿನ ಶೂಟರ್‌ಗಳಲ್ಲೂ ಈ ವಾದ ಮುಗಿದಿಲ್ಲ. ಆದರೂ ತೋಟಾ ತಯಾರಕರು ಏನು ಮಾಡುತ್ತಾರೆ ನೋಡಿ. ಲಾಪುವಾ ಕಂಪನಿಯ ಪರೀಕ್ಷಾ ಕೇಂದ್ರ ಜರ್ಮನಿಯ ಶೋನೆಬೆಕ್‌ನಲ್ಲಿದೆ, ಈಲಿಯವರದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಶೂಟರ್ ತನ್ನ ರೈಫಲ್ ತೆಗೆದುಕೊಂಡು ಹೋದರೆ ಅದನ್ನು ಗಟ್ಟಿಯಾದ ಕ್ಲ್ಯಾಂಪಿಗೆ ಬಿಗಿದು, ಗಾಳಿಯಿಲ್ಲದ ಒಳಾಂಗಣ ರೇಂಜಿನಲ್ಲಿ ಒಂದಾದ ಮೇಲೊಂದು ಲಾಟ್ (ಒಂದೇ ಸಲಕ್ಕೆ ತಯಾರಾದ ತೋಟಾಗಳ ಕಂತು) ಹೊಡೆಯುತ್ತಾರೆ, ಎಲೆಕ್ಟ್ರಾನಿಕ್ ಟಾರ್ಗೆಟ್ ಪ್ರತಿ ಗುಂಡಿನ ಜಾಗವನ್ನು ದಾಖಲಿಸುತ್ತದೆ. ಅಲ್ಲಿ ಪರೀಕ್ಷೆಯಾಗುವುದು ಬ್ರ್ಯಾಂಡ್ ಮಾತ್ರವಲ್ಲ, ಲಾಟ್ ಕೂಡ. ಒಂದೇ ಹೆಸರಿನ, ಒಂದೇ ಬಣ್ಣದ ಪೆಟ್ಟಿಗೆಯ ಎರಡು ಲಾಟ್‌ಗಳು ನಿಮ್ಮ ನಳಿಗೆಯಲ್ಲಿ ಎರಡು ಬೇರೆ ತೋಟಾಗಳಂತೆ ವರ್ತಿಸಬಹುದು. ಪ್ರಶ್ನೆ ಕೇಳಿದವರು ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ಬರೆದಿಟ್ಟುಕೊಂಡಿದ್ದಾರೆಯೇ?

ವೇಗದ ವಿಚಾರವನ್ನೂ ಸೇರಿಸುತ್ತೇನೆ. ಪಂದ್ಯದ .22 ತೋಟಾದ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆಯಲ್ಲಿ, ಹೊರಡುತ್ತದೆ. ಒಂದು ಗುಂಡಿಗೂ ಇನ್ನೊಂದಕ್ಕೂ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ, ಬರೀ ಬೀಳುವಿಕೆಯ ಲೆಕ್ಕದಲ್ಲೇ 50 ಮೀಟರಿನಲ್ಲಿ 7ರಿಂದ 8 ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಯಾವ ರೆಸ್ಟೂ ಇದನ್ನು ಸರಿಪಡಿಸಲಾರದು. ಒಳ್ಳೆಯ ರೆಸ್ಟ್ ಮಾಡುವುದು ಇಷ್ಟೇ: ನಿಮ್ಮ ಅಲುಗಾಟವನ್ನು ಕಳೆದು ಮೇಲೆ ಕೆಳಗೆ ಹರಡಿದ ಈ ಉದ್ದನೆಯ ಗ್ರೂಪ್ (ಗುಂಡಿನ ಗುರುತುಗಳ ಗುಂಪು) ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ಪ್ರೋನ್_ಪ್ರೇಮಿ:
ಕಾರ್ಖಾನೆಗೆ ಹೋಗಿ ಲಾಟ್ ಆರಿಸಿಕೊಂಡು ಬರುವ ಭಾಗ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ನಮಗೆ ಬಂದ ಲಾಟೇ ನಮ್ಮ ಪಾಲಿನ ಲಾಟು. ನಾನು ವರ್ತಕರೊಬ್ಬರಲ್ಲಿ ಒಂದೇ ಲಾಟಿನ ಎರಡು ಬ್ರಿಕ್ (ತೋಟಾ ಪೆಟ್ಟಿಗೆಗಳ ಕಟ್ಟು) ಬೇಕೆಂದು ಸ್ಪಷ್ಟವಾಗಿ ಹೇಳಿ ಹಣ ಕಟ್ಟಿದ್ದೆ, ಮನೆಗೆ ತಂದು ನೋಡಿದರೆ ಎರಡು ಬ್ರಿಕ್‌ಗಳಿಗೂ ಬೇರೆ ಬೇರೆ ಸಂಖ್ಯೆ.

ಜರ್ಮನಿ_ಕನ್ನಡಿಗ:
ಅದು ಬೇಸರದ ಸಂಗತಿಯೇ. ಆದರೆ ಆಯ್ಕೆ ಕಡಿಮೆ ಇರುವಲ್ಲಿ ಪರೀಕ್ಷೆಯ ಅಗತ್ಯ ಹೆಚ್ಚು ಎಂದು ನನಗನ್ನಿಸುತ್ತದೆ. ಕೈಗೆ ಬಂದ ಎರಡು ಲಾಟ್‌ಗಳಲ್ಲಿ ಯಾವುದನ್ನು ಪಂದ್ಯಕ್ಕೆ ಎತ್ತಿಡಬೇಕು, ಯಾವುದನ್ನು ಅಭ್ಯಾಸಕ್ಕೆ ಸುಡಬೇಕು ಎಂಬುದಾದರೂ ತಿಳಿಯುತ್ತದೆ.

ಲೆಕ್ಕದ_ಮೇಷ್ಟ್ರು:
ರೆಸ್ಟ್ ಎಷ್ಟು ಒಳ್ಳೆಯದಿರಬೇಕು ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. ಪರಸ್ಪರ ಸಂಬಂಧವಿಲ್ಲದ ಎರಡು ದೋಷಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ತೋಟಾದ ಸ್ವಂತ ಹರಡುವಿಕೆ 12 ಮಿಲಿಮೀಟರ್, ರೆಸ್ಟ್ ಮತ್ತು ಶೂಟರ್ ಸೇರಿ ತರುವುದು 5 ಮಿಲಿಮೀಟರ್ ಎಂದಾದರೆ ಟಾರ್ಗೆಟ್ಟಿನ ಮೇಲೆ ಕಾಣುವುದು 17 ಅಲ್ಲ, 13. ಅಂದರೆ 5 ಮಿಲಿಮೀಟರಿನ ರೆಸ್ಟನ್ನು ಎಸೆದು, ದೋಷವೇ ಇಲ್ಲದ ರೆಸ್ಟ್ ತಂದರೂ ನಿಮಗೆ ಸಿಗುವ ಲಾಭ ಒಂದೇ ಮಿಲಿಮೀಟರ್. ಅದೇ ರೆಸ್ಟಿನ ದೋಷವೂ 12 ಆಗಿದ್ದರೆ ಕಾಣುವುದು 17, ಆಗ ತೋಟಾಗಳ ನಡುವಿನ ವ್ಯತ್ಯಾಸ ಮುಚ್ಚಿಹೋಗುತ್ತದೆ. ತೋಟಾದ ದೋಷದ ಅರ್ಧಕ್ಕಿಂತ ರೆಸ್ಟಿನ ದೋಷ ಕಡಿಮೆಯಾಯಿತೆಂದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಹಣವನ್ನು ತೋಟಾಕ್ಕೆ ಹಾಕಿ.

ಯಾಕೆ ತೋಟಾಕ್ಕೆ ಎಂದರೆ, ಐದು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಪು ಕೊಡುವುದು ನಮ್ಮವರ ದೊಡ್ಡ ಚಟ. ಸರಾಸರಿ 10 ಮಿಲಿಮೀಟರ್ ಬರುವ ರೈಫಲ್ಲಿನಲ್ಲಿ, ಏನೂ ಬದಲಾಗದಿದ್ದರೂ, ಐದರ ಗ್ರೂಪ್‌ಗಳು 7ರಿಂದ 13ರವರೆಗೆ ಓಡಾಡುವುದು ತೀರಾ ಸಹಜ. ನಿಮ್ಮ ತೋಟಾ ವಾರಕ್ಕೊಮ್ಮೆ ಗೆದ್ದು ಸೋಲುತ್ತಿರುವುದಕ್ಕೆ ಇದೇ ಕಾರಣವಿರಬಹುದು, ನಿಮ್ಮ ಕೈಯನ್ನು ವೃಥಾ ಬೈಯಬೇಡಿ. ಪ್ರತಿ ಲಾಟಿಗೂ ಹತ್ತು ಗುಂಡಿನ ನಾಲ್ಕು ಗ್ರೂಪ್ ಹೊಡೆಯಿರಿ. ಹತ್ತರ ಗ್ರೂಪ್ ಐದರ ಗ್ರೂಪಿಗಿಂತ ಸರಾಸರಿ ಕಾಲು ಭಾಗದಷ್ಟು ದೊಡ್ಡದಾಗಿಯೇ ಬರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ.

ಮರಳುಚೀಲ:
ಮೇಷ್ಟ್ರೇ, ನೀವು ನನ್ನ ಪರವಾಗಿಯೇ ತೀರ್ಪು ಕೊಟ್ಟಿರಿ. ಚೀಲ ಸಾಕು ಎಂದಾಯಿತು.

ಲೆಕ್ಕದ_ಮೇಷ್ಟ್ರು:
ಚೀಲ ಸಾಕು ಎಂದು ನಾನು ಹೇಳಲಿಲ್ಲ. ಅಳೆದು ನೋಡಿ ಎಂದೆ. ಗುಂಡು ಹಾಕದೆ ಸ್ಕೋಪಿನಲ್ಲಿ ನೋಡುತ್ತಾ ಡ್ರೈ ಫೈರ್ ಮಾಡಿ. ಟ್ರಿಗರ್ ಬಿದ್ದಾಗ ಅಡ್ಡಗೆರೆ ಹತ್ತರ ವೃತ್ತದ ಅರ್ಧದಷ್ಟೂ ಜರುಗದಿದ್ದರೆ ನಿಮ್ಮ ಚೀಲ ಪಾಸು.

ಏರ್‌ಗನ್_ಹುಬ್ಬಳ್ಳಿ:
ನಮ್ಮಂಥ ಬಡವರ ಪ್ರಶ್ನೆಯನ್ನೂ ಕೇಳಿಬಿಡುತ್ತೇನೆ. ನನ್ನದು ಸ್ಪ್ರಿಂಗಿನ .177 ಏರ್ ರೈಫಲ್. ಪೆಲೆಟ್ ಪರೀಕ್ಷೆಗೆಂದು ಗಟ್ಟಿ ಚೀಲದ ಮೇಲಿಟ್ಟು ಹೊಡೆದರೆ ಕೈಯಲ್ಲಿ ಹಿಡಿದಾಗಿನದಕ್ಕಿಂತ ಕೆಟ್ಟ ಗ್ರೂಪ್ ಬರುತ್ತದೆ. ಇದೆಂಥ ನ್ಯಾಯ?

ಪೀಣ್ಯ_ಲೇತ್:
ಸ್ಪ್ರಿಂಗ್ ರೈಫಲ್ಲಿಗೆ ಗಟ್ಟಿ ರೆಸ್ಟ್ ಒಗ್ಗುವುದಿಲ್ಲ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುತ್ತದೆ, ರೈಫಲ್ ಮೊದಲು ಹಿಂದಕ್ಕೂ ಆಮೇಲೆ ಮುಂದಕ್ಕೂ ಜಿಗಿಯುತ್ತದೆ. ಆ ಜಿಗಿತಕ್ಕೆ ಪ್ರತಿ ಸಲ ಒಂದೇ ರೀತಿ ಬಿಟ್ಟುಕೊಡುವ ಆಸರೆ ಬೇಕು. ಚೀಲದ ಮೇಲೆ ನಿಮ್ಮ ಅಂಗೈ ಚಾಚಿ, ಅಂಗೈ ಮೇಲೆ ರೈಫಲ್ಲನ್ನು ಹಿಡಿಯದೆ ಸುಮ್ಮನೆ ಇಡಿ. ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯ) ಏರ್ ರೈಫಲ್ಲಿಗೆ ಈ ತಾಪತ್ರಯವಿಲ್ಲ, ಅದನ್ನು ವೈಸಿಗೆ ಬಿಗಿದು ಪೆಲೆಟ್ ಪರೀಕ್ಷಿಸುವ ರೂಢಿ ಬಹಳ ಕಡೆ ಇದೆ.

ಕಾಫಿತೋಟ:
ಕೊಡಗಿನಿಂದ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಇಶಾಪುರದ .315 ಕೋವಿ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವವರಿಗೆ ರೆಸ್ಟಿನ ಮಾತೇ ಇಲ್ಲ, ನಿಂತೇ ಹೊಡೆಯಬೇಕು. ಆದರೆ ಸ್ಕೋಪ್ ಹಾಕಿಸಿ 100 ಮೀಟರಿಗೆ ಜೀರೋ ಮಾಡಬೇಕಾಗಿ (ಗುರಿ ನೋಡಿದಲ್ಲೇ ಈಡು ಬೀಳುವಂತೆ ಹೊಂದಿಸಬೇಕಾಗಿ) ಬಂದಾಗ, ಭುಜಕ್ಕೆ ಪೆಟ್ಟು ಬೀಳದಂತೆ ಸೀಸದ ಭಾರ ಹೇರುವ ಸ್ಲೆಡ್ ತರಿಸಿಕೊಳ್ಳಿ ಎಂದು ಪರಿಚಯದವರೊಬ್ಬರು ಹೇಳಿದರು. ತರಿಸಬಹುದೇ?

ಮರಳುಚೀಲ:
ಭಾರ ಹೇರುವುದಾದರೆ ಎಚ್ಚರ, ಅಣ್ಣ. ಕೋವಿ ಹಿಂದಕ್ಕೆ ಸರಿಯಲು ಜಾಗವೇ ಇಲ್ಲದಂತೆ ಮಾಡಿದರೆ ಆ ಒದೆತವೆಲ್ಲ ಸ್ಟಾಕಿನ ಕುತ್ತಿಗೆಯ ಮೇಲೂ ಸ್ಕೋಪಿನ ಮೌಂಟಿನ ಮೇಲೂ ಬೀಳುತ್ತದೆ, ಹಳೆಯ ಮರದ ಸ್ಟಾಕ್ ಬಿರಿಯುವುದುಂಟು. ಮುಂದೆ ಹಿಂದೆ ಚೀಲ ಇಟ್ಟು, ಭುಜಕ್ಕೂ ಬಟ್ಟಿಗೂ ನಡುವೆ ಮಡಚಿದ ದಪ್ಪ ಟವೆಲ್ ಇಟ್ಟುಕೊಂಡು, ಕೆಲವೇ ಈಡುಗಳಲ್ಲಿ ಕೆಲಸ ಮುಗಿಸಿ. ಇನ್ನೊಂದು ಮಾತು, ನಳಿಗೆಯನ್ನು ಎಂದೂ ಚೀಲದ ಮೇಲೆ ಇಡಬೇಡಿ. ಚೀಲಕ್ಕೆ ತಾಗಬೇಕಾದದ್ದು ಫೋರೆಂಡ್, ಅಂದರೆ ನಳಿಗೆಯ ಕೆಳಗಿರುವ ಸ್ಟಾಕಿನ ಮುಂಭಾಗ. ನಳಿಗೆ ತಾಗಿದರೆ ಈಡು ಬೀಳುವ ಜಾಗವೇ ಬದಲಾಗುತ್ತದೆ.

ಹತ್ತರ_ಬೆನ್ನಟ್ಟಿ:
ಎಲ್ಲರಿಗೂ ಧನ್ಯವಾದ. ವೈಸ್ ಮತ್ತು ಸ್ಲೆಡ್ ಎರಡನ್ನೂ ಪಟ್ಟಿಯಿಂದ ತೆಗೆದೆ. ಮೇಜಿನ ವಿಷಯವನ್ನು ಕ್ಲಬ್ಬಿನ ಕಾರ್ಯದರ್ಶಿಯವರ ಮುಂದಿಟ್ಟಿದ್ದೇನೆ, ಚಪ್ಪಡಿಗೆ ಅವರು ಒಪ್ಪಿದ್ದಾರೆ. ಮುಂದೆ ಮೂರು ಕಾಲಿನ ರೆಸ್ಟ್, ಹಿಂದೆ ಕಿವಿಯ ಚೀಲ ಎಂದು ನಿರ್ಧರಿಸಿದ್ದೇನೆ. ನನ್ನ ಸಂಶಯ ಒಂದೇ. ನನ್ನದು ಅಲ್ಯೂಮಿನಿಯಂ ಸ್ಟಾಕಿನ ಪಂದ್ಯದ ರೈಫಲ್, ಅದರ ಕೆಳಭಾಗ ಬೇಟೆಯ ಕೋವಿಯಂತೆ ಚಪ್ಪಟೆಯಾಗಿಲ್ಲ. ಅದು ಚೀಲದಲ್ಲಿ ಸರಿಯಾಗಿ ಕೂರುತ್ತದೆಯೇ?

ಜರ್ಮನಿ_ಕನ್ನಡಿಗ:
ಇದು ಬಹಳ ಜನ ಮರೆಯುವ ಸಂಗತಿ. ಫೋರೆಂಡಿನ ಕೆಳಗೆ ಎಡಗೈಗೆ ತಡೆಯಾಗಿರುವ ಹ್ಯಾಂಡ್‌ಸ್ಟಾಪ್ ಬಿಚ್ಚಿಡಿ, ಇಲ್ಲದಿದ್ದರೆ ರೈಫಲ್ ಹಿಂದಕ್ಕೆ ಸರಿಯುವಾಗ ಅದು ಮುಂದಿನ ಚೀಲಕ್ಕೆ ಬಡಿಯುತ್ತದೆ. ಬಟ್ ಪ್ಲೇಟಿನ ಕೊಕ್ಕೆಯನ್ನೂ ತೆಗೆಯಿರಿ, ಅದು ಹಿಂದಿನ ಚೀಲಕ್ಕೆ ಸಿಕ್ಕಿಕೊಳ್ಳುತ್ತದೆ. ಬಟ್‌ನ ಕೆಳಅಂಚು ಓರೆಯಾಗಿದ್ದರೆ ರೈಫಲ್ ಹಿಂದೆ ಸರಿದಂತೆಲ್ಲ ಮೂತಿಯ ಎತ್ತರ ಬದಲಾಗುತ್ತದೆ. ಅದಕ್ಕೆ ನಳಿಗೆಗೆ ಸಮಾನಾಂತರವಾದ ಒಂದು ಪಟ್ಟಿಯನ್ನು ಬಟ್ ಕೆಳಗೆ ಕೂರಿಸುತ್ತಾರೆ, ಪೀಣ್ಯದವರು ಅದನ್ನು ಅಲ್ಯೂಮಿನಿಯಂನಲ್ಲಿ ಸುಲಭವಾಗಿ ಮಾಡಿಕೊಟ್ಟಾರು. ಚೀಲದ ಕಿವಿಗಳಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಪ್ರತಿ ಗುಂಡಿಗೂ ರೈಫಲ್ ಒಂದೇ ರೀತಿ ಜಾರುತ್ತದೆ.

ಒಂದು ತೋಟಾದಿಂದ ಇನ್ನೊಂದಕ್ಕೆ ಬದಲಾಯಿಸಿದ ಕೂಡಲೇ ಗ್ರೂಪ್ ಲೆಕ್ಕ ಶುರು ಮಾಡಬೇಡಿ. ಪ್ರತಿ ತಯಾರಕರೂ ಗುಂಡಿಗೆ ಸವರುವ ಮೇಣ ಅಥವಾ ಗ್ರೀಸ್ ಬೇರೆ. ಹೊಸದು ನಳಿಗೆಯಲ್ಲಿ ಹರಡಿಕೊಳ್ಳಲು ಹತ್ತು ಹದಿನೈದು ಗುಂಡುಗಳನ್ನಾದರೂ ಲೆಕ್ಕಕ್ಕೆ ಹಿಡಿಯದೆ ಹೊಡೆದುಬಿಡಿ.

ಪ್ರೋನ್_ಪ್ರೇಮಿ:
ಹೊರಾಂಗಣ ರೇಂಜಾದರೆ ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಮಾಡಿ, ದಾರಿಯಲ್ಲಿ ಎರಡು ಕಡೆ ಹಗುರವಾದ ರಿಬ್ಬನ್ ಕಟ್ಟಿ. ಒಂದು ತೋಟಾವನ್ನು ಏಳು ಗಂಟೆಗೂ ಇನ್ನೊಂದನ್ನು ಹತ್ತು ಗಂಟೆಗೂ ಹೊಡೆದು ಹೋಲಿಸುವುದು ನ್ಯಾಯವಲ್ಲ, ಸರದಿ ಬದಲಾಯಿಸುತ್ತಾ ಹೊಡೆಯಿರಿ. ಮೊದಲೆರಡು ಸ್ಥಾನ ಪಡೆದ ತೋಟಾಗಳನ್ನು ಕೊನೆಗೆ ಸ್ಲಿಂಗಿನಲ್ಲೂ ಹೊಡೆದು ನೋಡಿ. ಆ ಒಂದು ಹಟವನ್ನು ನಾನು ಬಿಡುವುದಿಲ್ಲ.

ಲೆಕ್ಕದ_ಮೇಷ್ಟ್ರು:
ಮೇಡಂ ಹೇಳಿದ್ದು ಸರಿ. ರೆಸ್ಟಿನಲ್ಲಿ ಸೋತ ತೋಟಾ ಸ್ಲಿಂಗಿನಲ್ಲಿ ಗೆಲ್ಲುವುದು ಅಪರೂಪ. ರೆಸ್ಟಿನಲ್ಲಿ ಗೆದ್ದದ್ದು ಸ್ಲಿಂಗಿನಲ್ಲಿ ಹಿಂದೆ ಬೀಳುವುದು ಅಷ್ಟು ಅಪರೂಪವಲ್ಲ. ಜರಡಿಯ ಕೆಲಸ ರೆಸ್ಟಿಗೆ, ಕೊನೆಯ ಮಾತು ಭುಜಕ್ಕೆ.

ನಿರ್ವಾಹಕ:
ಚರ್ಚೆ ಚೆನ್ನಾಗಿದೆ, ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ರೆಸ್ಟಿನ ಮೇಲೆ ಕೂತ ರೈಫಲ್ಲಿನ ಮೂತಿ ಸದಾ ಟಾರ್ಗೆಟ್ಟಿನ ಕಡೆಗೇ ಇರುತ್ತದೆ, ಟಾರ್ಗೆಟ್ ಬದಲಾಯಿಸಲು ಹೋಗುವ ಮನುಷ್ಯನೂ ಅದೇ ಸಾಲಿನಲ್ಲಿ ನಡೆಯುತ್ತಾನೆ. ಯಾರಾದರೂ ಮುಂದೆ ಹೋಗುವ ಮೊದಲು ಬೋಲ್ಟ್ ತೆರೆದು, ಚೇಂಬರಿಗೆ (ತೋಟಾ ಕೂರುವ ಜಾಗಕ್ಕೆ) ಅದು ಖಾಲಿ ಎಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ, ಬೆಂಚಿನಿಂದ ಎಲ್ಲರೂ ಹಿಂದೆ ಸರಿಯಬೇಕು. ಆ ಹೊತ್ತಿನಲ್ಲಿ ಸ್ಕೋಪ್ ನೋಡುವ ನೆಪದಲ್ಲೂ ರೈಫಲ್ ಮುಟ್ಟುವಂತಿಲ್ಲ. ಪರೀಕ್ಷೆ ಯಾವುದೇ ಇರಲಿ, ಅನುಮತಿಯಿರುವ ರೇಂಜಿನಲ್ಲಿ, ರೇಂಜ್ ಅಧಿಕಾರಿಯ ಸಮಕ್ಷಮದಲ್ಲಿಯೇ ಆಗಬೇಕು.

ಏರ್‌ಗನ್_ಹುಬ್ಬಳ್ಳಿ:
ಅಂಗೈ ಉಪಾಯ ಕೆಲಸ ಮಾಡಿತು ಪೀಣ್ಯ ಸರ್. ಗ್ರೂಪ್ ಮೊದಲಿನದರ ಅರ್ಧಕ್ಕೆ ಇಳಿದಿದೆ. ಪೆಲೆಟ್ ಡಬ್ಬಿಯ ಮೇಲೆ 4.50, 4.51 ಮಿಲಿಮೀಟರ್ ಎಂದು ಎರಡು ಅಳತೆ ಇವೆಯಲ್ಲ, ಅವುಗಳನ್ನು ಈಗ ಹೋಲಿಸಿ ನೋಡುತ್ತೇನೆ.

ಹತ್ತರ_ಬೆನ್ನಟ್ಟಿ:
ನಿರ್ವಾಹಕರ ಮಾತು ಗಮನದಲ್ಲಿದೆ. ಪೀಣ್ಯ ಸರ್, ಮುಂದಿನ ರೆಸ್ಟಿನ ಮೇಲೆ ಕೂರುವ ಚೀಲದ ಅಗಲ ಎಷ್ಟಿರಬೇಕು? ಬೆಂಚ್‌ರೆಸ್ಟ್ ರೈಫಲ್ಲುಗಳಿಗೆ ಮೂರು ಇಂಚು ಅಗಲದ್ದು ಬರುತ್ತದೆ ಎಂದು ಓದಿದೆ, ನನ್ನ ಫೋರೆಂಡ್ ಅಷ್ಟಿಲ್ಲ.

ಪೀಣ್ಯ_ಲೇತ್:
ಮೂರು ಇಂಚಿನದು ನಿಮಗೆ ಬೇಡ, ರೈಫಲ್ ಅದರೊಳಗೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಎರಡೂ ಬದಿಯ ತಗಡುಗಳನ್ನು ಒಳಕ್ಕೆ ತಳ್ಳಿ ಬಿಗಿಯುವಂತೆ ಇಟ್ಟರೆ ಬೇರೆ ರೈಫಲ್ಲಿಗೂ ಬಳಸಬಹುದು. ಚೀಲ ಇಡುವ ಜಾಗದಲ್ಲಿ ಫೋರೆಂಡಿನ ಅಗಲವನ್ನು ವರ್ನಿಯರಿನಲ್ಲಿ ಅಳೆದು ತಿಳಿಸಿ. ಹಾಗೆಯೇ ಚಪ್ಪಡಿಯಿಂದ ನಿಮ್ಮ ಗಲ್ಲದವರೆಗಿನ ಎತ್ತರವೂ ಬೇಕು, ಅದಿಲ್ಲದೆ ತಿರುಪಿನ ಉದ್ದ ಹೇಳಲಾಗುವುದಿಲ್ಲ.